ಕಪೊಯೇರಾ ಕಲಿಕೆ: ಜಿಂಗಾದಿಂದ ಬೆರಿಂಬಾವ್‌ವರೆಗೆ ಮೊದಲ ವರ್ಷದ ಸಮಗ್ರ ಮಾರ್ಗದರ್ಶಿ

ಕಪೊಯೇರಾ ಎಂದರೆ ಹೋರಾಟ, ಆಟ, ಸಂಗೀತ ಬೆರೆತ ಬ್ರೆಜಿಲ್‌ನ ಕಲೆ. ಅದನ್ನು ಕಲಿಯಲು ಬರುವವರಲ್ಲಿ ಹೆಚ್ಚಿನವರ ಕಣ್ಣು ಇರುವುದು ಪಲ್ಟಿಗಳ ಮೇಲೆ. ಆದರೆ ಆಟ ಎಷ್ಟು ಬಿರುಸಾಗಿ ಸಾಗಬೇಕು, ಇಬ್ಬರು ಎಷ್ಟು ಹತ್ತಿರ ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಆಟಗಾರರ ಸುತ್ತ ಕಟ್ಟಿದ ವೃತ್ತದ ಅಂಚಿನಲ್ಲಿರುವ ಒಂಟಿ ತಂತಿಯ ಬಿಲ್ಲು, ಅಂದರೆ ಬೆರಿಂಬಾವ್. ಅದರ ಮಾತು ತಿಳಿಯದವನು ಎಷ್ಟೇ ಚೆನ್ನಾಗಿ ಕಾಲು ಬೀಸಿದರೂ ಆಟದ ಹೊರಗೇ ಉಳಿಯುತ್ತಾನೆ. "ಮೊದಲು ಮೈ ಹದವಾಗಲಿ, ವಾದ್ಯ ಆಮೇಲೆ ನೋಡೋಣ" ಎಂದು ಮುಂದೂಡಿದವರ "ಆಮೇಲೆ" ಬಹಳ ಸಲ ಬರುವುದೇ ಇಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾಲಿನ ಪಾಠ, ಕೈಯ ಪಾಠ ಎರಡೂ ಮೊದಲ ವಾರದಿಂದಲೇ ಜೊತೆಯಾಗಿ ಸಾಗುತ್ತವೆ.

ಯಾವ ಕಪೊಯೇರಾ?

ಸೇರುವ ಮೊದಲು ಇಷ್ಟು ಇತಿಹಾಸ ಗೊತ್ತಿರಲಿ, ಏಕೆಂದರೆ ನೀವು ಯಾವ ಬಗೆಯ ಶಾಲೆಗೆ ಹೋಗುತ್ತಿದ್ದೀರಿ ಎಂಬುದು ಇದರಿಂದಲೇ ತಿಳಿಯುತ್ತದೆ. ಬ್ರೆಜಿಲ್‌ಗೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಬೆಳೆಸಿದ ಕಲೆ ಇದು. ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯಲ್ಲಿ, ಬೀದಿಯಲ್ಲಿ ಕಪೊಯೇರಾ ಆಡುವುದೇ ಅಪರಾಧವಾಯಿತು. ಬಾಹಿಯಾ ರಾಜ್ಯದ ಸಾಲ್ವಡೋರ್ ನಗರದಲ್ಲಿ ಮೆಸ್ತ್ರಿ (ಅಂದರೆ ಗುರು) ಬಿಂಬಾ 1932ರಲ್ಲಿ ಶಾಲೆ ತೆರೆದು, ಹೊಡೆತ ಮತ್ತು ತಪ್ಪಿಸಿಕೊಳ್ಳುವಿಕೆಯನ್ನು ಜೋಡಿ ಪಾಠಗಳಾಗಿ ಹೊಂದಿಸಿದರು. ಇದು ಹೆಜಿಯೊನಾವ್. ಅದೇ ನಗರದಲ್ಲಿ ಮೆಸ್ತ್ರಿ ಪಸ್ತೀನ್ಯಾ 1941ರಲ್ಲಿ ಹಳೆಯ ಬಗೆಯ ಆಟವನ್ನು ಉಳಿಸಿಕೊಳ್ಳಲು ತಮ್ಮ ಕೇಂದ್ರ ಕಟ್ಟಿದರು. ಅದು ಅಂಗೋಲಾ. ಇಂದು ಬಹಳ ಗುಂಪುಗಳು ಎರಡನ್ನೂ ಬೆರೆಸಿ ಕಲಿಸುತ್ತವೆ. ಅದಕ್ಕೆ ಕೊಂತೆಂಪೊರಾನಿಯಾ ಎನ್ನುತ್ತಾರೆ. 2014ರಲ್ಲಿ ಯುನೆಸ್ಕೋ ಕಪೊಯೇರಾದ ವೃತ್ತವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂಗೋಲಾ ನೆಲಕ್ಕೆ ಹತ್ತಿರದ, ನಿಧಾನದ, ಕುಚೇಷ್ಟೆ ತುಂಬಿದ ಆಟ. ನಿಧಾನ ಎಂದರೆ ಸುಲಭವಲ್ಲ: ಅರೆ ಕೂತ ಭಂಗಿಯಲ್ಲಿ ಐದು ನಿಮಿಷ ಆಡುವುದು ಎಷ್ಟು ಕಷ್ಟ ಎಂದು ತೊಡೆಗಳೇ ಹೇಳುತ್ತವೆ. ಹೆಜಿಯೊನಾವ್ ಹೆಚ್ಚು ನೆಟ್ಟಗೆ, ಹೆಚ್ಚು ಬಿರುಸು. ಮೂವತ್ತೈದು ದಾಟಿದವರು, ಮಂಡಿಯ ತೊಂದರೆ ಇರುವವರು ಅಂಗೋಲಾ ಮೃದುವಾದದ್ದೆಂದು ನಂಬಿ ಹೋಗುವುದುಂಟು. ಆಳವಾಗಿ ಕುಕ್ಕರಗಾಲಲ್ಲಿ ಕೂರಲು ಆಗದ ಮಂಡಿಗೆ ಅದೇ ಹೆಚ್ಚು ಕಷ್ಟ, ನೆನಪಿರಲಿ.

ಶಾಲೆ ಆರಿಸುವಾಗ ಒಂದು ತರಗತಿಯನ್ನು ಪೂರ್ತಿ ಕೂತು ನೋಡಿ. ಹೊಸಬರೂ ಹಾಡುತ್ತಿದ್ದಾರೆಯೇ? ಅವರ ಕೈಗೆ ವಾದ್ಯ ಕೊಡುತ್ತಾರೆಯೇ? ಕಲಿಸುವವರು ತಮ್ಮ ಮೆಸ್ತ್ರಿ ಯಾರು, ಅವರ ಮೆಸ್ತ್ರಿ ಯಾರು ಎಂದು ತಡವರಿಸದೆ ಹೇಳುತ್ತಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಗೋಡೆಯ ಬಣ್ಣ, ಹವಾನಿಯಂತ್ರಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನಲ್ಲೂ ಕಪೊಯೇರಾ ತರಗತಿಗಳು ನಡೆಯುತ್ತವೆ. ಊರಲ್ಲಿ ಶಾಲೆಯೇ ಇಲ್ಲದವರು ವಾದ್ಯ, ಹಾಡು, ಜಿಂಗಾ ಎಂಬ ತೂಗಾಟದ ಮೂಲ ಹೆಜ್ಜೆ ಇಷ್ಟನ್ನು ಮನೆಯಲ್ಲಿ ಶುರು ಮಾಡಬಹುದು. ಒದೆತಗಳನ್ನು ಮಾತ್ರ ಎದುರಾಳಿಯಿಲ್ಲದೆ ಕಲಿತರೆ ದೂರದ ಅಂದಾಜೇ ಕೆಟ್ಟುಹೋಗುತ್ತದೆ.

ಉಡುಪು ಸರಳ. ಮೊಣಕಾಲು ಬಿಗಿಯದ ಉದ್ದ ಪ್ಯಾಂಟ್, ತಲೆಕೆಳಗಾದಾಗ ಮುಖಕ್ಕೆ ಬೀಳದಂತೆ ಒಳಗೆ ಸಿಕ್ಕಿಸಿದ ಟೀ ಶರ್ಟ್. ಅಂಗೋಲಾದವರು ಬೂಟು ಹಾಕಿಯೇ ಆಡುತ್ತಾರೆ. ಉಳಿದವರು ಹೆಚ್ಚಾಗಿ ಬರಿಗಾಲಲ್ಲಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಒರಟು ಕಾಂಕ್ರೀಟ್ ಮೇಲೆ ಹಿಡಿತ ಹೆಚ್ಚಿರುವ ರಬ್ಬರ್ ಬೂಟು ಹಾಕಿ ತಿರುಗಬೇಡಿ. ಮೈ ತಿರುಗುತ್ತದೆ, ಪಾದ ಅಲ್ಲೇ ಕಚ್ಚಿಕೊಳ್ಳುತ್ತದೆ, ನಡುವಿನ ಮಂಡಿ ಹಿಂಡಿಹೋಗುತ್ತದೆ.

ಜಿಂಗಾ: ಮೊದಲ ಹೆಜ್ಜೆ, ಕೊನೆಯವರೆಗೂ ತಿದ್ದುವ ಹೆಜ್ಜೆ

ಬಿಂಬಾ ಹೊಸ ಶಿಷ್ಯನ ಎರಡೂ ಕೈ ಹಿಡಿದು, ತಾವೇ ಎದುರು ನಿಂತು ಜಿಂಗಾ ಹೇಳಿಕೊಡುತ್ತಿದ್ದರು. ಈ ತೂಗಾಟ ಮಾತಿನಲ್ಲಿ ಅರ್ಧ ಮಾತ್ರ ತಿಳಿಯುತ್ತದೆ. ಆದರೂ ಆ ಅರ್ಧ ಸರಿಯಾಗಿರಲಿ.

1. ನೆಲದ ಮೇಲೆ ಸೀಮೆಸುಣ್ಣದಿಂದ ಭುಜಗಳಿಗಿಂತ ತುಸು ಅಗಲವಾಗಿ ಅಕ್ಕಪಕ್ಕ ಎರಡು ಗುರುತು ಹಾಕಿ. ಪಾದಗಳನ್ನು ಅವುಗಳ ಮೇಲಿಟ್ಟು ಮಂಡಿ ಬಗ್ಗಿಸಿ ನಿಲ್ಲಿ. ಇದು ಸಮ ನಿಲುವು.
2. ಬಲಗಾಲನ್ನು ನೇರ ಹಿಂದಕ್ಕೆ ಒಂದು ದೊಡ್ಡ ಹೆಜ್ಜೆಯಷ್ಟು ಒಯ್ಯಿರಿ. ಮುಂಗಾಲು ಮಾತ್ರ ನೆಲಕ್ಕೆ ತಾಗಲಿ, ಹಿಮ್ಮಡಿ ಮೇಲಿರಲಿ. ಎಡ ಮಂಡಿ ಬಗ್ಗಿಯೇ ಇರಲಿ, ಎಡ ಪಾದ ಪೂರ್ತಿ ನೆಲಕ್ಕೆ ಊರಿರಲಿ.
3. ಯಾವ ಕಾಲು ಹಿಂದೆ ಹೋಯಿತೋ ಅದೇ ಬದಿಯ ಕೈ ಮಡಚಿ ಮುಖದ ಮುಂದೆ ಬರಬೇಕು. ಈಗ ಬಲಗೈ. ಎಡಗೈ ಪಕ್ಕದಲ್ಲಿ ಸಡಿಲವಾಗಿರಲಿ.
4. ಬಲಗಾಲನ್ನು ಅದರ ಗುರುತಿಗೆ ವಾಪಸ್ ತಂದು, ಮೈಭಾರವನ್ನು ಅದರ ಮೇಲೆ ಪೂರ್ತಿ ಸರಿಸಿ. ಎಡಗಾಲು ಹಗುರಾದದ್ದು ಗೊತ್ತಾಗಬೇಕು.
5. ಹಗುರಾದ ಎಡಗಾಲನ್ನು ಹಿಂದಕ್ಕೆ ಒಯ್ಯಿರಿ, ಎಡಗೈ ಮುಖದ ಮುಂದೆ. ಹೀಗೇ ಮುಂದುವರಿಸಿ.

ಕೆಡುವುದು ಹೆಚ್ಚಾಗಿ ನಾಲ್ಕನೆಯ ಹಂತದಲ್ಲಿ. ಭಾರ ಸರಿಸದೆ ಕಾಲು ಮಾತ್ರ ಬದಲಾಯಿಸಿದರೆ ಅದು ಕವಾಯತಾಗುತ್ತದೆ, ತೂಗಾಟವಾಗುವುದಿಲ್ಲ. ಎರಡನೆಯ ತಪ್ಪು, ಹಿಂದೆ ಹೋಗುವ ಕಾಲು ಇನ್ನೊಂದರ ಹಿಮ್ಮಡಿಯ ಹಿಂದಕ್ಕೆ ಅಡ್ಡ ಬರುವುದು. ಆಗ ನಿಲುವು ಹಗ್ಗದಷ್ಟು ಕಿರಿದಾಗಿ, ಎದುರಾಳಿ ಹಸ್ತೇರಾ ಹಾಕಿದರೆ, ಅಂದರೆ ಕಾಲನ್ನು ಗುಡಿಸಿ ಎಳೆದರೆ, ಕುಂಡೆ ಊರಿ ಕೂರುತ್ತೀರಿ. ಮೂರನೆಯದು ನೆಲ ನೋಡುವ ಚಟ. ಕಣ್ಣು ಎದುರಿನವನ ಎದೆಯ ಮಟ್ಟದಲ್ಲಿರಲಿ. ಅಲ್ಲಿಂದ ಭುಜವೂ ಸೊಂಟವೂ ಒಟ್ಟಿಗೆ ಕಾಣುತ್ತವೆ.

ಅಂಗೋಲಾದಲ್ಲಿ ಇದೇ ಜಿಂಗಾ ಇನ್ನೂ ಸಡಿಲ, ಆಟಗಾರನಿಂದ ಆಟಗಾರನಿಗೆ ಬೇರೆ. ಆದರೆ ಸಡಿಲಗೊಳಿಸುವ ಮೊದಲು ಗಟ್ಟಿ ಅಡಿಪಾಯ ಬೇಕು. ಮೊದಲ ತಿಂಗಳು ದಿನಕ್ಕೆ ಹತ್ತು ನಿಮಿಷ, ಬೆರಿಂಬಾವ್ ಧ್ವನಿಮುದ್ರಣ ಹಾಕಿಕೊಂಡೇ ಜಿಂಗಾ ಮಾಡಿ. ಸದ್ದಿಲ್ಲದೆ ಮಾಡಿದ ಜಿಂಗಾಕ್ಕೆ ತನ್ನದೇ ಒಂದು ವೇಗ ಅಂಟಿಕೊಂಡು, ಆಮೇಲೆ ತಾಳಕ್ಕೆ ಬಾಗುವುದಿಲ್ಲ.

ತಪ್ಪಿಸಿಕೊಳ್ಳುವುದು ಮೊದಲು, ಒದೆಯುವುದು ಆಮೇಲೆ

ಕೊಕೊರೀನ್ಯಾದಿಂದ ಆರಂಭಿಸಿ. ಕುಕ್ಕರಗಾಲಲ್ಲಿ ಕೂತು, ಒಂದು ಕೈಯನ್ನು ಪಕ್ಕದಲ್ಲಿ ಊರಿ, ಇನ್ನೊಂದನ್ನು ಮಡಚಿ ಮುಖಕ್ಕೆ ಅಡ್ಡ ಹಿಡಿಯುವುದು. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕುಕ್ಕರಗಾಲು ನಮ್ಮ ಹಳೆಯ ಅಭ್ಯಾಸವಾದರೂ ಕುರ್ಚಿಯಲ್ಲೇ ಬೆಳೆದವರಿಗೆ ಹಿಮ್ಮಡಿ ಏಳುತ್ತದೆ. ಕಂಬ ಹಿಡಿದು ದಿನಕ್ಕೆ ಎರಡು ಮೂರು ನಿಮಿಷ ಕೂತರೆ ಕ್ರಮೇಣ ಇಳಿಯುತ್ತದೆ.

ನೆಗಾಚೀವಾದಲ್ಲಿ ಒಂದು ಕಾಲು ಮಡಚಿ ಅದರ ಹಿಮ್ಮಡಿಯ ಮೇಲೆ ಇಳಿದು, ಇನ್ನೊಂದನ್ನು ಮುಂದಕ್ಕೆ ಚಾಚಿ, ಮೈಯನ್ನು ಪಕ್ಕಕ್ಕೆ ವಾಲಿಸಿ ಕೈ ಊರುತ್ತೀರಿ. ಕುಂಡೆ ನೆಲಕ್ಕೆ ತಾಗಕೂಡದು. ಅಲ್ಲಿಂದ ಎದ್ದು ಬೇರೆಡೆಗೆ ಸರಿಯುವ ದಾರಿ ಹೋಲೇ: ಎರಡೂ ಕೈ ಊರಿ, ಸೊಂಟ ಎತ್ತಿ, ನೆಲದ ಹತ್ತಿರವೇ ಒಂದು ಸುತ್ತು ತಿರುಗಿ ಮತ್ತೆ ಜಿಂಗಾಕ್ಕೆ ಬರುವುದು. ತಿರುಗುವ ಗಳಿಗೆಯಲ್ಲಿ ಬೆನ್ನು ಎದುರಾಳಿಯ ಕಡೆಗಿರುತ್ತದೆ, ಕಣ್ಣು ಮಾತ್ರ ತೋಳಿನ ಕೆಳಗಿನಿಂದಲೋ ಕಾಲುಗಳ ನಡುವಿನಿಂದಲೋ ಅವನನ್ನೇ ನೋಡುತ್ತಿರಬೇಕು. ಇದೇ ನಿಯಮ ಅಊಗೂ ಅನ್ವಯಿಸುತ್ತದೆ, ಅಂದರೆ ಕೈ ಊರಿ ಪಕ್ಕಕ್ಕೆ ಹೊಡೆಯುವ ಪಲ್ಟಿಗೆ. ಶಾಲೆಯ ಜಿಮ್ನಾಸ್ಟಿಕ್ಸ್‌ನಲ್ಲಿ ಕೈ ಊರುವ ಜಾಗ ನೋಡಿ ಕಾಲು ನೆಟ್ಟಗೆ ಮಾಡಲು ಹೇಳಿಕೊಟ್ಟಿರುತ್ತಾರೆ. ಇಲ್ಲಿ ಎದುರಾಳಿಯನ್ನು ನೋಡಬೇಕು, ಬೇಕಾದರೆ ಕಾಲು ಮಡಚಬೇಕು. ನೆಟ್ಟಗೆ ಚಾಚಿದ ಕಾಲುಗಳ ಅಊ ಹೊಟ್ಟೆಯನ್ನು ಪೂರ್ತಿ ತೆರೆದಿಡುತ್ತದೆ, ಅಲ್ಲಿಗೇ ಕಬೆಸಾದಾ, ಅಂದರೆ ತಲೆಯ ಗುದ್ದು ಬರುವುದು.

ಮೊದಲ ಆರು ವಾರ ಮಣಿಕಟ್ಟು ನೋಯುತ್ತದೆ. ಅಂಗೈಯ ಬುಡದ ಮೇಲೇ ಪೂರ್ತಿ ಭಾರ ಹಾಕುವುದು ಕಾರಣ. ಬೆರಳುಗಳನ್ನು ಅಗಲಿಸಿ, ತುದಿಗಳಿಂದ ನೆಲವನ್ನು ಒತ್ತಿ ಹಿಡಿಯಿರಿ; ಭಾರ ಹಂಚಿಹೋಗುತ್ತದೆ. ಮಾಂಸಖಂಡದ ನೋವಿದ್ದರೆ ಸ್ವಲ್ಪ ಇಳಿಸಿ ಮುಂದುವರಿಸಿ. ಕೀಲಿನಲ್ಲಿ ಚುಚ್ಚಿದಂತಾದರೆ ಅಂದಿಗೆ ನಿಲ್ಲಿಸಿ, ಹೋಗಿ ಪಂದೇರು (ಕಂಜಿರದ ಜಾತಿಯ ವಾದ್ಯ) ಬಾರಿಸಿ.

ಒದೆತಗಳನ್ನು ಈ ಕ್ರಮದಲ್ಲಿ ತೆಗೆದುಕೊಳ್ಳುವುದು ವಾಸಿ: ಮೇಯಾ ಲೂಅ ಜಿ ಫ್ರೆಂತಿ (ಹೊರಗಿನಿಂದ ಒಳಗೆ ಬರುವ ಅರ್ಧಚಂದ್ರ), ಕೇಶಾದಾ (ಒಳಗಿನಿಂದ ಹೊರಗೆ), ಬೆಂಸಾಂವ್ (ಪಾದದಿಂದ ನೇರ ತಳ್ಳುವುದು), ಅರ್ಮಾದಾ (ತಿರುಗಿ ಬೀಸುವುದು), ಕೊನೆಗೆ ಮೇಯಾ ಲೂಅ ಜಿ ಕೊಂಪಾಸು. ಕೊನೆಯದರ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಕಪೊಯೇರಾದ ಮುಖ್ಯ ಒದೆತ ಅದೇ, ಮೈ ಹಾಳು ಮಾಡಿಕೊಳ್ಳುವುದೂ ಅದರಲ್ಲೇ.

ಬಲಗಾಲು ಹಿಂದಿರುವಾಗ ಎಡ ಪಾದವನ್ನು ಬಲಕ್ಕೆ ಅಡ್ಡ ಇಟ್ಟು ಬೆರಳ ತುದಿಯನ್ನು ಒಳಕ್ಕೆ ತಿರುಗಿಸಿ. ಸೊಂಟದಿಂದ ಬಾಗಿ ಕೈಗಳನ್ನು ಎಡ ಪಾದದ ಹತ್ತಿರವೇ ನೆಲಕ್ಕೆ ತನ್ನಿ. ಈಗ ಕಾಲುಗಳ ನಡುವಿನಿಂದ ಎದುರಾಳಿ ಕಾಣಬೇಕು. ಕಂಡ ಮೇಲೆಯೇ ಬಲಗಾಲು ನೆಟ್ಟಗಾಗಿ, ಹಿಮ್ಮಡಿ ಮುಂದಾಗಿ, ಕಮಾನಿನಂತೆ ಬೀಸಿ ಬರುತ್ತದೆ. ಊರಿದ ಕಾಲಿನ ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ತಿರುಗಬೇಕು. ಹಿಮ್ಮಡಿ ಅಂಟಿಕೊಂಡರೆ ತಿರುಚು ಮಂಡಿಗೆ ಹೋಗುತ್ತದೆ. ಕೈಯನ್ನು ಪಾದದಿಂದ ದೂರ ಊರಿದರೆ ಭಾರ ಮುಂದಕ್ಕೆ ಬಿದ್ದು ಒದೆತ ಸೊಂಟದ ಮಟ್ಟದಲ್ಲೇ ಸಾಯುತ್ತದೆ. ನೋಡುವ ಮೊದಲೇ ಬೀಸಿದರೆ ಎದುರಿನವನ ಕಿವಿಗೆ ತಾಗಿದ್ದು ನಿಮಗೆ ಸದ್ದಿನಿಂದ ಗೊತ್ತಾಗುತ್ತದೆ.

ಜೋಡಿ ಅಭ್ಯಾಸದಲ್ಲಿ ಒಂದು ಮಾತು ಕಟ್ಟುನಿಟ್ಟಾಗಿರಲಿ: ಸುತ್ತಿ ಬರುವ ಒದೆತ ಯಾವ ದಿಕ್ಕಿಗೆ ಸಾಗುತ್ತಿದೆಯೋ ಆ ದಿಕ್ಕಿಗೇ ತಗ್ಗಿ ಸರಿಯಬೇಕು. ಹೆದರಿಕೆಗೆ ಹೊಸಬರು ಎದುರು ದಿಕ್ಕಿಗೆ ಹೋಗುತ್ತಾರೆ, ನೇರ ಹಿಮ್ಮಡಿಗೇ ಮುಖ ಕೊಡುತ್ತಾರೆ.

ಬೆರಿಂಬಾವ್: ಬಿಚ್ಚಿ ಕಟ್ಟುವುದರಿಂದ ಆರಂಭ

ಭಾಗಗಳು ಇವು. ವೆರ್ಗಾ ಎಂದರೆ ಸುಮಾರು 1.2ರಿಂದ 1.5 ಮೀಟರ್ ಉದ್ದದ ಬಾಗುವ ಕೋಲು. ಬಾಹಿಯಾದಲ್ಲಿ ಇದಕ್ಕೆ ಬಿರೀಬಾ ಮರ. ಅರಾಮಿ ಎಂದರೆ ಉಕ್ಕಿನ ತಂತಿ. ಕಬಾಸಾ ಎಂದರೆ ಒಣಗಿದ ಸೋರೆಬುರುಡೆ. ಬಕೇತಾ ಬಾರಿಸುವ ಸಣ್ಣ ಕಡ್ಡಿ. ದೊಬ್ರಾಂವ್ ತಂತಿಗೆ ಒತ್ತುವ ದಪ್ಪ ನಾಣ್ಯ; ಅದರ ಬದಲು ಚಪ್ಪಟೆ ನುಣುಪು ಕಲ್ಲನ್ನೂ ಬಳಸುತ್ತಾರೆ. ಕಶಿಶಿ ಬೀಜ ತುಂಬಿದ ಪುಟ್ಟ ಬುಟ್ಟಿ ಗಿಲಕಿ. ದೊಡ್ಡ ಬುರುಡೆಯ, ಮಂದ್ರ ದನಿಯದು ಗುಂಗಾ, ನಡುವಿನದು ಮೇಜಿಯು, ಸಣ್ಣದು ವಿಯೋಲಾ. ಕೊಳ್ಳುವುದಾದರೆ ಮೊದಲು ಮೇಜಿಯು ತೆಗೆದುಕೊಳ್ಳಿ, ಎಲ್ಲ ಜಾಗದಲ್ಲೂ ಹೊಂದುತ್ತದೆ.

ಇಲ್ಲೇ ಮಾಡಿಕೊಳ್ಳುವುದೂ ಸಾಧ್ಯ. ಬಿರೀಬಾ ಸಿಗದಿದ್ದರೆ ಒಳಗೆ ಟೊಳ್ಳು ಕಡಿಮೆಯಿರುವ, ಚೆನ್ನಾಗಿ ಒಣಗಿದ ಗಟ್ಟಿ ಬಿದಿರು ನಡೆಯುತ್ತದೆ. ತಂತಿಗೆ ಟೈರ್ ಅಂಗಡಿಗೆ ಹೋಗಿ ಗುಜರಿಗೆ ಹಾಕಿದ ಕಾರಿನ ಟೈರ್ ಕೇಳಿ; ಬ್ರೆಜಿಲ್‌ನಲ್ಲೂ ತಂತಿ ಬರುವುದು ಹಳೆಯ ಟೈರ್‌ನಿಂದಲೇ. ರಿಮ್ಮಿಗೆ ಕೂರುವ ಒಳ ಅಂಚಿನ ರಬ್ಬರನ್ನು ಚಾಕುವಿನಿಂದ ಸೀಳಿದರೆ ತಂತಿಯ ಸುರುಳಿ ಸಿಗುತ್ತದೆ, ಕಟಿಂಗ್ ಪ್ಲೇಯರ್‌ನಿಂದ ಹಿಡಿದು ಎಳೆಯಿರಿ. ಟೈರ್ ಸುಟ್ಟು ತೆಗೆದ ತಂತಿ ಬೇಡ: ಕಾವಿಗೆ ಉಕ್ಕಿನ ಹದ ಹೋಗಿ ಮೆತ್ತಗಾಗುತ್ತದೆ, ನಾದ ಬರುವುದಿಲ್ಲ. ಅಂಟಿದ ರಬ್ಬರ್ ಮತ್ತು ತುಕ್ಕನ್ನು ಉಪ್ಪು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ.

ವೆರ್ಗಾದ ಕೆಳತುದಿಯಲ್ಲಿ ತಂತಿಯ ಕುಣಿಕೆ ಕೂರುವಂತೆ ಕೆತ್ತಿದ ಗೂಟದಂಥ ಮೆಟ್ಟಿಲಿರುತ್ತದೆ. ಮೇಲಿನ ತುದಿಗೆ ತೊಗಲಿನ ಬಿಲ್ಲೆ ಹೊಡೆದಿರುತ್ತಾರೆ, ಇಲ್ಲದಿದ್ದರೆ ತಂತಿ ಮರವನ್ನು ಸೀಳುತ್ತದೆ. ಕಟ್ಟುವ ಬಗೆ ಹೀಗೆ:

1. ತಂತಿಯ ಒಂದು ತುದಿಯ ದೊಡ್ಡ ಕುಣಿಕೆಯನ್ನು ಕೆಳಗಿನ ಗೂಟಕ್ಕೆ ಸಿಕ್ಕಿಸಿ. ಇನ್ನೊಂದು ತುದಿಯ ಪುಟ್ಟ ಕುಣಿಕೆಗೆ ಗಟ್ಟಿ ದಾರ ಕಟ್ಟಿರಬೇಕು.
2. ಕೋಲಿನ ಕೆಳತುದಿಯನ್ನು ಪಾದದ ಪಕ್ಕ ಊರಿ, ನಡುವೆ ಮಂಡಿ ಕೊಟ್ಟು, ಮೇಲಿನ ತುದಿಯನ್ನು ನಿಮ್ಮತ್ತ ಬಾಗಿಸಿ. ಕೋಲಿಗೆ ತನ್ನದೇ ಒಂದು ಬಾಗು ಇದ್ದೇ ಇರುತ್ತದೆ. ಅದೇ ದಿಕ್ಕಿಗೆ ಬಾಗಿಸಿ, ಎದುರು ದಿಕ್ಕಿಗೆ ಹೋದರೆ ಮುರಿಯುತ್ತದೆ.
3. ತಂತಿಯನ್ನು ತೊಗಲಿನ ಮೇಲಿಂದ ಹಾಯಿಸಿ, ದಾರವನ್ನು ಬಿಗಿಯಾಗಿ ಎಳೆದು, ಕೋಲಿಗೆ ಹಲವು ಸುತ್ತು ಸುತ್ತಿ ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿ. ಮುಖವನ್ನು ತಂತಿಯ ಸಾಲಿನಿಂದ ಆಚೆಗೇ ಇಟ್ಟುಕೊಳ್ಳಿ.
4. ಬುರುಡೆಯ ದಾರದ ಕುಣಿಕೆಯನ್ನು ಕೋಲು ಮತ್ತು ತಂತಿ ಎರಡಕ್ಕೂ ಸೇರಿಸಿ ಕೆಳಗಿನಿಂದ ಏರಿಸಿ, ತುದಿಯಿಂದ ಸುಮಾರು ಒಂದು ಗೇಣಿನಷ್ಟು ಮೇಲೆ ನಿಲ್ಲಿಸಿ.

ತಂತಿಯನ್ನು ಮೀಟಿ ಕೇಳಿ. ಬುರುಡೆಯನ್ನು ತುಸು ಮೇಲೆ ಕೆಳಗೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ನಾದ ಥಟ್ಟನೆ ತುಂಬಿ ಬರುತ್ತದೆ. ಅಲ್ಲಿ ಬಿಡಿ. ಜರ್ರ್ ಎಂದು ಕೊಸರಿದರೆ ಕುಣಿಕೆ ಸಡಿಲವಾಗಿದೆ ಅಥವಾ ಬುರುಡೆಯಲ್ಲಿ ಬಿರುಕಿದೆ. ಬಾರಿಸಿ ಮುಗಿದ ಕೂಡಲೇ ತಂತಿ ಇಳಿಸಿಬಿಡಿ. ಕಟ್ಟಿಯೇ ಇಟ್ಟರೆ ಕೋಲು ಬಾಗಿದಂತೆಯೇ ನಿಂತು ಎಳೆತ ಕಳೆದುಕೊಳ್ಳುತ್ತದೆ. ತಂತಿ ಸಾಮಾನ್ಯವಾಗಿ ಕುಣಿಕೆಯ ತಿರುಚಿನಲ್ಲಿ ತುಂಡಾಗುತ್ತದೆ, ಹಾಗಾಗಿ ಬದಲಿ ತಂತಿ ಎರಡಾದರೂ ಚೀಲದಲ್ಲಿರಲಿ.

ಹಿಡಿತ ಮತ್ತು ಮೂರು ಸದ್ದು

ಎಡಗೈಯ ಕಿರುಬೆರಳನ್ನು ಬುರುಡೆಯ ದಾರದ ಅಡಿಗೆ ತೂರಿಸಿ. ಉಂಗುರ ಬೆರಳು, ನಡುಬೆರಳು ಕೋಲನ್ನು ಸುತ್ತಿ ಹಿಡಿಯುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ದೊಬ್ರಾಂವ್. ಬುರುಡೆಯ ಬಾಯಿ ಹೊಟ್ಟೆಯ ಕಡೆಗಿರಲಿ. ಬಲಗೈಯಲ್ಲಿ ಕಶಿಶಿಯ ಹಿಡಿಗೆ ನಡುಬೆರಳು, ಉಂಗುರ ಬೆರಳು ಹೋಗಲಿ. ಬಕೇತಾವನ್ನು ಹೆಬ್ಬೆರಳು, ತೋರುಬೆರಳು ಹಿಡಿಯಲಿ.

ಇಡೀ ವಾದ್ಯದ ಭಾರ ಬೀಳುವುದು ಕಿರುಬೆರಳ ಮೇಲೆ. ಮೊದಲ ವಾರಗಳಲ್ಲಿ ಅದು ಕೆಂಪಾಗಿ, ಜುಮ್ಮೆಂದು, ಬೇಡ ಅನ್ನಿಸುತ್ತದೆ. ಬೆರಿಂಬಾವ್ ಬಿಟ್ಟವರಲ್ಲಿ ಬಹಳ ಮಂದಿ ಬಿಟ್ಟಿದ್ದು ಈ ಹಂತದಲ್ಲೇ. ಒಂದೇ ಸಲ ಅರ್ಧ ಗಂಟೆ ಹಿಡಿಯುವ ಬದಲು ಐದೈದು ನಿಮಿಷ, ದಿನಕ್ಕೆ ಮೂರು ಸಲ ಹಿಡಿಯಿರಿ. ಕೋಲನ್ನು ನೆಟ್ಟಗೆ ನಿಲ್ಲಿಸಿ, ವಾಲಿದಷ್ಟೂ ಭಾರ ಹೆಚ್ಚು. ದಾರಕ್ಕೆ ಬಟ್ಟೆ ಸುತ್ತಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ದೊಬ್ರಾಂವ್ ಒತ್ತುವ ಜಾಗ ಬುರುಡೆಯ ದಾರಕ್ಕಿಂತ ಒಂದೆರಡು ಬೆರಳಗಲ ಮೇಲೆ. ಬಾರಿಸುವ ಏಟು ಅದಕ್ಕಿಂತ ತುಸು ಮೇಲೆ ಬೀಳಲಿ. ಇದರಲ್ಲಿ ಹುಟ್ಟುವ ಸದ್ದು ಮೂರು. ನಾಣ್ಯ ದೂರವಿದ್ದಾಗ ದೊಂ, ತೆರೆದ ಕೆಳದನಿ. ಬಿಗಿಯಾಗಿ ಒತ್ತಿದಾಗ ದಿಂ, ಅದಕ್ಕಿಂತ ಮೇಲಿನದು. ಎರಡರ ನಡುವಿನ ಅಂತರ ಹೆಚ್ಚೆಂದರೆ ಸ ಮತ್ತು ರಿ ಇದ್ದಷ್ಟು. ನಾಣ್ಯವನ್ನು ತಂತಿಗೆ ಹಗುರವಾಗಿ ಆನಿಸಿದಾಗ ಚಿ, ಗೀರಿದಂಥ ಸದ್ದು.

ದಿಂ ಬದಲು ಮಸುಕಾದ ಗೊರಗು ಬಂದರೆ ನೀವು ಏಟು ಬಿದ್ದ ಮೇಲೆ ಒತ್ತುತ್ತಿದ್ದೀರಿ. ಒತ್ತು ಮೊದಲು, ಏಟು ಆಮೇಲೆ. ಚಿ ಬದಲು ದಿಂನಂಥದ್ದೇ ಬಂದರೆ ಒತ್ತು ಹೆಚ್ಚಾಗಿದೆ. ದೊಂ ಬೇಗ ಸತ್ತುಹೋದರೆ ಬುರುಡೆ ಹೊಟ್ಟೆಗೆ ಅಂಟಿದೆ. ಆ ಏಟಿಗೆ ಎರಡು ಬೆರಳಷ್ಟು ದೂರ ಸರಿಸಿ. ಚಿ ಹೊಡೆಯುವಾಗ ಮಾತ್ರ ಬುರುಡೆ ಹೊಟ್ಟೆಗೆ ಮುಚ್ಚಿಕೊಂಡಿದ್ದರೆ ಚೆನ್ನ.

ಮೊದಲ ಮೂರು ತೋಕಿ

ತೋಕಿ ಎಂದರೆ ಬೆರಿಂಬಾವ್‌ನ ನಡೆ. ಎಂಟು ಅಕ್ಷರದ ಒಂದು ಆವರ್ತ ಇಟ್ಟುಕೊಳ್ಳಿ. ಕೊನ್ನಕೋಲು ಗೊತ್ತಿದ್ದವರು ತ-ಕ-ಧಿ-ಮಿ ತ-ಕ-ಜ-ಣು ಎಂದು ಬಾಯಲ್ಲಿ ಹೇಳುತ್ತಾ ಅದರ ಮೇಲೆ ಏಟು ಕೂರಿಸಬಹುದು. ಅಡ್ಡಗೆರೆ ಇದ್ದಲ್ಲಿ ಏಟಿಲ್ಲ.

ಅಂಗೋಲಾ: ಚಿ ಚಿ ದೊಂ – ದಿಂ – – –

ಸಾಂವ್ ಬೆಂತು ಪೆಕೇನು: ಚಿ ಚಿ ದಿಂ – ದೊಂ – – –

ಸಾಂವ್ ಬೆಂತು ಗ್ರಾಂಜಿ: ಚಿ ಚಿ ದಿಂ – ದೊಂ – ದೊಂ –

ಮೊದಲೆರಡು ಒಂದಕ್ಕೊಂದು ಕನ್ನಡಿ. ಅಂಗೋಲಾ ಶಾಲೆಗಳ ಬಹಳ ವೃತ್ತಗಳಲ್ಲಿ ಗುಂಗಾ ಮೊದಲನೆಯದನ್ನು, ಮೇಜಿಯು ಎರಡನೆಯದನ್ನು ಬಾರಿಸುತ್ತವೆ. ಒಂದು ದೊಂ ಎನ್ನುವಾಗ ಇನ್ನೊಂದು ದಿಂ ಎನ್ನುತ್ತದೆ. ವಿಯೋಲಾ ಮೂರನೆಯದನ್ನು ಹಿಡಿದು ನಡುನಡುವೆ ಮನೋಧರ್ಮ ತೋರಿಸುತ್ತದೆ. ಖಾಲಿ ಜಾಗದಲ್ಲಿ ಕಶಿಶಿಯ ಒಂದು ಅಲುಗು ಬರಲಿ. ಆ ಖಾಲಿಯನ್ನು ನುಂಗಿ ಮುಂದಿನ ಚಿಗೆ ಹಾರುವುದೇ ಹೊಸಬರ ದೊಡ್ಡ ದೋಷ. ಹತ್ತು ಆವರ್ತದಲ್ಲಿ ಇಡೀ ವೃತ್ತದ ವೇಗ ಏರಿಬಿಡುತ್ತದೆ. ಲೆಕ್ಕ ಗಟ್ಟಿಯಾದ ಮೇಲೆ ಹಳೆಯ ಮೆಸ್ತ್ರಿಗಳ ಧ್ವನಿಮುದ್ರಣ ಕೇಳಿ. ಎರಡು ಚಿಗಳು ಗಡಿಯಾರದಷ್ಟು ಸಮವಾಗಿಲ್ಲ ಎಂದು ಕಿವಿಗೆ ತಿಳಿಯುತ್ತದೆ, ಆ ಓಲಾಟವನ್ನು ಕೇಳಿಯೇ ಕಲಿಯಬೇಕು.

ಬಿಂಬಾ ಅವರ ಹೆಜಿಯೊನಾವ್‌ಗೆ ಬೇರೆ ತೋಕಿಗಳಿವೆ. ಅವರದೇ ಸಾಂವ್ ಬೆಂತು ಗ್ರಾಂಜಿ ಬಿರುಸಿನ ಆಟಕ್ಕೆ, ಬೆಂಗೇಲಾ ನಿಧಾನದ ಹತ್ತಿರದ ಆಟಕ್ಕೆ, ಯೂನಾ ಪಳಗಿದವರಿಗೆ ಮಾತ್ರ. ಕವಲರೀಯಾ ಎಂಬುದು ಒಂದು ಕಾಲದಲ್ಲಿ ಕುದುರೆ ಪೊಲೀಸರು ಬರುತ್ತಿದ್ದಾರೆ ಎಂಬ ಎಚ್ಚರಿಕೆಯಾಗಿತ್ತು. ಇವು ಎರಡನೆಯ ವರ್ಷದ ಮಾತು.

ಚಪ್ಪಾಳೆ, ಹಾಡು, ಹಿಮ್ಮೇಳ

ಅಂಗೋಲಾದ ಪೂರ್ಣ ವಾದ್ಯಮೇಳದಲ್ಲಿ ಮೂರು ಬೆರಿಂಬಾವ್, ಎರಡು ಪಂದೇರು, ಒಂದು ಅತಬಾಕಿ ಎಂಬ ಉದ್ದ ಡೋಲು, ಒಂದು ಅಗೊಗೋ ಎಂಬ ಜೋಡಿ ಗಂಟೆ, ಒಂದು ಹೆಕು-ಹೆಕು ಎಂಬ ಗೀರುವ ವಾದ್ಯ ಇರುತ್ತವೆ. ಬಿಂಬಾ ಒಂದು ಬೆರಿಂಬಾವ್, ಎರಡು ಪಂದೇರು ಮಾತ್ರ ಇಟ್ಟುಕೊಂಡರು. ಹೊಸಬರ ಕೈಗೆ ಮೊದಲು ಸಿಗುವುದು ಅಗೊಗೋ ಅಥವಾ ಹೆಕು-ಹೆಕು. ಸಣ್ಣದೆಂದು ಉದಾಸೀನ ಬೇಡ, ತಾಳ ತಪ್ಪಿದರೆ ಅದೇ ಎಲ್ಲರಿಗಿಂತ ಮೊದಲು ಕೇಳಿಸುತ್ತದೆ. ಹೆಜಿಯೊನಾವ್ ವೃತ್ತದಲ್ಲಿ ಮೂರು ಚಪ್ಪಾಳೆ, ಒಂದು ಬಿಡುವು. ಅಂಗೋಲಾದಲ್ಲಿ ಹೆಚ್ಚಾಗಿ ಚಪ್ಪಾಳೆಯೇ ಇಲ್ಲ, ಹೋದಲ್ಲಿ ನೋಡಿ ಮಾಡಿ.

ಅಂಗೋಲಾದಲ್ಲಿ ಹಾಡಿನ ಕ್ರಮ ಕಟ್ಟುನಿಟ್ಟು. ಮೊದಲು "ಇಯೇ" ಎಂಬ ನೀಳ ಕೂಗು, ಆಮೇಲೆ ಒಬ್ಬರೇ ಹಾಡುವ ಲದಾಯಿನ್ಯಾ. ಆಗ ಆಟಗಾರರಿಬ್ಬರೂ ಬೆರಿಂಬಾವ್‌ಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಾರೆ, ಯಾರೂ ಆಡುವುದಿಲ್ಲ. ನಂತರ ಲೋವಸಾಂವ್, ಅಂದರೆ ಸ್ತುತಿ: ಹಾಡುಗಾರ ಒಂದು ಸಾಲು ಎತ್ತುತ್ತಾನೆ, ಎಲ್ಲರೂ ಅದನ್ನೇ ಮರಳಿಸಿ ಕೊನೆಗೆ "ಕಮಾರಾ" ಸೇರಿಸುತ್ತಾರೆ. ಕೊನೆಗೆ ಕೊಹೀದು, ಚುಟುಕು ಸಾಲುಗಳ ಹಾಡು. ಆಟ ಶುರುವಾಗುವುದು ಇಲ್ಲಿ. ಸೋಬಾನೆ ಪದದಲ್ಲಿ ಒಬ್ಬರು ಸೊಲ್ಲೆತ್ತಿ ಉಳಿದವರು ಹಿಂದೆ ಹೇಳುವಂತೆಯೇ ಇಲ್ಲೂ ಹಿಮ್ಮೇಳದ ಸಾಲು ಬದಲಾಗುವುದಿಲ್ಲ, ಮುಮ್ಮೇಳದ ಸಾಲು ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ದಿನವೇ ಹಾಡಬಹುದು, ಒಂದೇ ಸಾಲು ತಾನೇ.

ತಿಂಗಳಿಗೆ ಎರಡು ಕೊಹೀದುಗಳ ಹಿಮ್ಮೇಳ ಬಾಯಿಪಾಠ ಮಾಡಿ, ಅರ್ಥವನ್ನೂ ಕೇಳಿ ತಿಳಿದುಕೊಳ್ಳಿ. ಹಾಡುಗಾರ ಹಾಡಿನ ಮೂಲಕವೇ ಆಟಗಾರರಿಗೆ ನಿಧಾನಿಸು, ಎಚ್ಚರ, ಬಿದ್ದೆಯಲ್ಲ ಎಂದು ಚುಡಾಯಿಸುತ್ತಾನೆ. ಅರ್ಥ ಗೊತ್ತಿಲ್ಲದವರಿಗೆ ಈ ತಮಾಷೆ ದಕ್ಕುವುದಿಲ್ಲ. ಉಚ್ಚಾರವನ್ನು ಲಿಪಿ ನೋಡಿ ಊಹಿಸಬೇಡಿ. ಬ್ರೆಜಿಲ್‌ನವರ ಬಾಯಲ್ಲಿ ಪದದ ಮೊದಲ ರಕಾರ ಹಕಾರದಂತೆ ಕೇಳಿಸುತ್ತದೆ, ತ ಮತ್ತು ದ ಹೆಚ್ಚಾಗಿ ನಮ್ಮವೇ. ಅದಕ್ಕೇ ವೃತ್ತ "ರೋಡಾ" ಅಲ್ಲ, "ಹೋದಾ".

ಹೋದಾದೊಳಗೆ

ಪ್ರವೇಶ ಬೆರಿಂಬಾವ್‌ನ ಬುಡದಿಂದ. ಕೂತು, ಎದುರಿನವರ ಕೈ ಮುಟ್ಟಿ, ಗುಂಗಾ ಬಾರಿಸುವವರು ವಾದ್ಯವನ್ನು ಬಾಗಿಸಿ ಅಪ್ಪಣೆ ಕೊಟ್ಟ ಮೇಲೆ ತಗ್ಗಿಯೇ ಒಳಗೆ ಸರಿಯಿರಿ. ಗುಂಗಾ ನಡೆ ಮುರಿದು ಒಂದೇ ಸದ್ದನ್ನು ಮತ್ತೆ ಮತ್ತೆ ಹೊಡೆದರೆ ಅದು ಕರೆ. ಎಲ್ಲಿದ್ದರೂ ಆಟ ಬಿಟ್ಟು ಬುಡಕ್ಕೆ ಬನ್ನಿ. ಒದೆತದ ಭರದಲ್ಲಿ ಈ ಕರೆ ಕೇಳಿಸದಿರುವುದೇ ಹೊಸಬರು ಬೈಸಿಕೊಳ್ಳಲು ಮೊದಲ ಕಾರಣ. ಕೆಲವು ಶಾಲೆಗಳಲ್ಲಿ ಆಟವನ್ನು "ಕೊಳ್ಳುವ" ರೂಢಿಯಿದೆ: ಆಡುತ್ತಿರುವ ಇಬ್ಬರ ನಡುವೆ ಕೈ ತೋರಿಸುತ್ತಾ ಹೋಗಿ ಒಬ್ಬರ ಜಾಗ ಹಿಡಿಯುವುದು. ಒದೆತ ಬೀಸುತ್ತಿರುವಾಗ ನುಗ್ಗಬೇಡಿ, ಹಿಂದಿನಿಂದ ಹೋಗಬೇಡಿ, ಈಗಷ್ಟೇ ಆಟ ಶುರು ಮಾಡಿದವರನ್ನು ಎಬ್ಬಿಸಬೇಡಿ.

ಅಂಗೋಲಾ ಆಟ ಆಡುವವರು ಶಮಾದಾ ಬಗ್ಗೆ ತಿಳಿದಿರಬೇಕು. ಎದುರಾಳಿ ಆಟ ನಿಲ್ಲಿಸಿ ತೋಳು ಚಾಚಿ ನಿಲ್ಲುತ್ತಾನೆ, ಬಾ ಎಂದು ಕರೆಯುತ್ತಾನೆ. ನೇರ ನಡೆದು ಹೋದವರ ಹೊಟ್ಟೆಗೆ ಮಂಡಿ ಕಾದಿರುತ್ತದೆ. ತಗ್ಗಿ, ಪಕ್ಕದಿಂದ, ಅವನ ಮಂಡಿ ಮತ್ತು ತಲೆ ಎರಡನ್ನೂ ಕೈಯಿಂದ ಕಾಯುತ್ತಾ ಹತ್ತಿರ ಹೋಗಿ ಅಂಗೈ ಮುಟ್ಟಿಸಬೇಕು. ಬೇರ್ಪಡುವ ಗಳಿಗೆ ಇನ್ನೂ ಅಪಾಯದ್ದು.

ವಾರದ ಲೆಕ್ಕ ಮತ್ತು ನಾಲ್ಕನೆಯ ತಿಂಗಳು

ಕೆಲಸಕ್ಕೆ ಹೋಗುವವರಿಗೆ ವಾರಕ್ಕೆ ಎರಡು ತರಗತಿ, ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಸಾಕು: ಹತ್ತು ಕಾಲಿಗೆ, ಹತ್ತು ಬೆರಿಂಬಾವ್‌ಗೆ. ಹಿಮ್ಮೇಳದ ಸಾಲುಗಳನ್ನು ಬಸ್ಸಿನಲ್ಲಿ ಗುನುಗಿದರೂ ನಡೆಯುತ್ತದೆ. ಭಾನುವಾರ ಎರಡು ಗಂಟೆ ಒಟ್ಟಿಗೆ ಮಾಡಿ ಸರಿದೂಗಿಸುವ ಲೆಕ್ಕ ವಾದ್ಯಕ್ಕೆ ಹೊಂದುವುದಿಲ್ಲ. ಕಿರುಬೆರಳಿಗೆ ಅಷ್ಟು ತಾಳ್ಮೆಯಿಲ್ಲ.

ಮೂರು ನಾಲ್ಕನೆಯ ತಿಂಗಳಿಗೆ ಒಂದು ಹಂತ ಬರುತ್ತದೆ. ಸಾಲಿನಲ್ಲಿ ನಿಂತು ಮಾಡಿದಾಗ ಎಲ್ಲ ಒದೆತವೂ ಬರುತ್ತದೆ, ಹೋದಾದೊಳಗೆ ಹೋದ ಕೂಡಲೇ ಒಂದೂ ನೆನಪಾಗುವುದಿಲ್ಲ. ಕಾರಣ ಸರಳ: ಅಭ್ಯಾಸ ಮಾಡಿದ್ದು ಚಲನೆಗಳನ್ನು, ಉತ್ತರಗಳನ್ನಲ್ಲ. ಪರಿಹಾರವಾಗಿ ಒಂದು ತಿಂಗಳು ಮೂರೇ ಚಲನೆ ಇಟ್ಟುಕೊಂಡು ಆಡಿ, ಉದಾಹರಣೆಗೆ ಮೇಯಾ ಲೂಅ ಜಿ ಫ್ರೆಂತಿ, ಕೊಕೊರೀನ್ಯಾ, ಹೋಲೇ. ಬಿಂಬಾ ಅವರ ಎಂಟು ಜೋಡಿ ಸರಣಿಗಳು ಇದಕ್ಕೆಂದೇ ಹುಟ್ಟಿದವು. ಅದರಲ್ಲಿ ಮೊದಲನೆಯದನ್ನು ಜೊತೆಗಾರರೊಬ್ಬರೊಡನೆ ನಿದ್ದೆಗಣ್ಣಲ್ಲೂ ಬರುವಷ್ಟು ಸಲ ಮಾಡಿದರೆ ಪ್ರಶ್ನೆ ಬಂದಲ್ಲಿ ಉತ್ತರ ತಾನಾಗಿ ಹೊರಡುತ್ತದೆ.

ಬಚಿಜಾದು, ಅಂದರೆ ದರ್ಜೆ ತೋರಿಸುವ ಮೊದಲ ಹಗ್ಗವನ್ನು ಸೊಂಟಕ್ಕೆ ಕಟ್ಟುವ ಸಮಾರಂಭ, ಶಾಲೆಯಿಂದ ಶಾಲೆಗೆ ಬೇರೆ. ಬಣ್ಣಗಳ ಸಾಲಿಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ, ಅಂಗೋಲಾ ಶಾಲೆಗಳಲ್ಲಿ ಹಗ್ಗವೇ ಇಲ್ಲ. ಆ ದಿನ ಹಿರಿಯರೊಬ್ಬರೊಡನೆ ಆಡಿಸಿ ನೆಲಕ್ಕೆ ಬೀಳಿಸುವುದುಂಟು. ಗೆಲ್ಲಲು ಹೊರಡಬೇಡಿ. ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ, ಬಿದ್ದಲ್ಲಿಂದಲೇ ನೆಗಾಚೀವಾಗೆ ಸರಿದು ಎದ್ದರೆ ಅದನ್ನೇ ಎಲ್ಲರೂ ಮೆಚ್ಚುವುದು.

ಮಳೆ, ಪರೀಕ್ಷೆ, ಕಾಯಿಲೆ ಎಂದು ತಿಂಗಳುಗಟ್ಟಲೆ ಬಿಟ್ಟು ಬಂದರೆ ಬಿಟ್ಟ ಜಾಗದಿಂದಲೇ ಶುರು ಮಾಡಬೇಡಿ. ಮೊದಲ ವಾರ ಜಿಂಗಾ, ಕೊಕೊರೀನ್ಯಾ ಮತ್ತು ಅಂಗೋಲಾ ತೋಕಿ ಮಾತ್ರ. ಎರಡನೆಯ ವಾರ ಹೋಲೇ, ಅಊ. ಮೂರನೆಯ ವಾರಕ್ಕೆ ತಿರುಗುವ ಒದೆತಗಳು. ಬೆರಿಂಬಾವ್‌ನ ತಂತಿಗೆ ಅಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಕಟ್ಟುವ ಮೊದಲು ಉಪ್ಪು ಕಾಗದ ಹಾಕಿ, ಕುಣಿಕೆಯ ತಿರುಚಿನಲ್ಲಿ ಬಿರುಕು ಕಂಡರೆ ಬದಲಿ ತಂತಿ ತೆಗೆಯಿರಿ.